ಒಂಟಿಕಾಲಿನ ಬುಧವಾರ

ಟುವೂಂಬಾಕ್ಕೆ ಅಕ್ಟೋಬರ್ ಬಂತೆಂದರೆ
ಜಕರಂಡಾ ಉದುರಿ ನಿಂತ ಕಾರುಗಳೆಲ್ಲ ನೇರಳೆ.
ಹೂ ಸರಿಸಿ, ವೈಪರಿನಡಿ
ದಂಡದ ಚೀಟಿ ಸಿಕ್ಕಿಸುವುದು ನನ್ನ ಕೆಲಸ.
ಎಪ್ಪತ್ತೆರಡು ಡಾಲರು, ಹದಿನಾಲ್ಕು ದಿನದ ಗಡುವು.

ವಿಶ್ವವಿದ್ಯಾಲಯಕ್ಕೆ ನಾನು ಶಾರನ್.
ಶರಣಮ್ಮ ಅನ್ನುವಷ್ಟು ಹೊತ್ತು
ಯಾರೂ ನನ್ನೆದುರು ನಿಲ್ಲುವುದಿಲ್ಲ.
ನಿಂತವರು ಕಾಲು ಕೆದರಿ ಬಂದವರೇ:
ಎರಡೇ ನಿಮಿಷ ಆಗಿತ್ತು,
ಟಿಕೆಟ್ ಯಂತ್ರ ನಾಣ್ಯ ನುಂಗಿತು,
ಲ್ಯಾಬಿನಲ್ಲಿ ಇಲಿಗೆ ಹೆರಿಗೆ ಎಂದವನೂ ಒಬ್ಬನಿದ್ದ.
(ಅವನಿಗೆ ಬಿಟ್ಟೆ.)

ಸಿಬ್ಬಂದಿ ಸ್ವಾಸ್ಥ್ಯ ವಿಭಾಗದಿಂದ ಇಮೇಲ್ ಬಂತು:
ಎಂಟು ಲೋಟ ನೀರಿಗೆ ಐದು ಅಂಕ,
ಏಳು ತಾಸಿನ ನಿದ್ದೆಗೆ ಹತ್ತು,
ಕಾರು ದೂರ ನಿಲ್ಲಿಸಿ ನಡೆದು ಬಂದರೆ ಹದಿನೈದು.
ಕೊನೆಯದನ್ನು ಓದಿ ಒಬ್ಬಳೇ ನಕ್ಕೆ.
ನಾಲ್ಕು ವರ್ಷದಿಂದ ನಾನು ಹೇಳುತ್ತಿರುವುದೂ ಅದನ್ನೇ,
ಅಂಕ ಕೊಡುತ್ತಿರಲಿಲ್ಲ, ಅಷ್ಟೇ.

ಬುಧವಾರ ಹನ್ನೆರಡೂ ಹತ್ತಕ್ಕೆ ಸಮತೋಲನ ತರಗತಿ,
ಹಳೇ ಬ್ಯಾಡ್ಮಿಂಟನ್ ಅಂಕಣದಲ್ಲಿ.
ಹಳದಿ ಜಾಕೆಟ್ಟು, ಟೋಪಿ, ಬೂಟು
ಎಲ್ಲ ಬಾಗಿಲಾಚೆಯ ಗೂಟಕ್ಕೆ.
ಬರಿಗಾಲಲ್ಲಿ ಒಳಗೆ ಹೋದರೆ
ಒಬ್ಬರೂ ನನ್ನ ಗುರುತು ಹಿಡಿಯಲಿಲ್ಲ.
ನಾನು ಎಲ್ಲರನ್ನೂ ಹಿಡಿದೆ, ಗಾಡಿ ನಂಬರಿನ ಸಮೇತ:
ಲೆಕ್ಕಪತ್ರದ ಗ್ಲೆನಿಸ್, ಬಿಳೀ ಮಾಜ್ದಾ, ಎರಡು ಚೀಟಿ;
ಲ್ಯಾಬಿನ ಗಾಜು ತೊಳೆಯುವ ಟೆವಿಟಾ,
ಬಸ್ಸಿನಲ್ಲಿ ಬರುತ್ತಾನೆ, ಪಾಪ, ನಿಷ್ಕಳಂಕ;
ಮಣ್ಣಿನ ಪ್ರೊಫೆಸರ್ ಓರ್ಮಂಡ್, ಹಸಿರು ಸುಬಾರು,
ಇವತ್ತಿನದೂ ಸೇರಿ ಆರು.

ಹೇಳಿಕೊಡುವಾಕೆ ಕೆರಿನ್,
ದನಿಯಲ್ಲಿ ಹರಳೆಣ್ಣೆಯ ತಂಪು:
ಪಕ್ಕದವರಿಗೆ ಕೈ ಕೊಡಿ,
ಈಗ ಒಂದು ಕಾಲೆತ್ತಿ.
ನಮ್ಮಲ್ಲಿ ಕೈ ಕೊಡುವುದೆಂದರೆ ಏನೇನು
ಅವಳಿಗೆ ಹೇಗೆ ಗೊತ್ತಾಗಬೇಕು?
ಮಂಡಿ ಕೈಕೊಟ್ಟ ಓರ್ಮಂಡನಿಗೆ
ನಾನು ಕೈ ಕೊಟ್ಟೆ.

ಅವನ ಉಗುರ ಸಂದಿಯಲ್ಲಿ ಕಪ್ಪು.
ಇಲ್ಲಿಂದಿಳಿದರೆ ಸಿಗುವ ಬಯಲಿನ ಮಣ್ಣು;
ಥೇಟು ನಮ್ಮ ಮಸ್ಕಿಯ ಎರೆ,
ಒಮ್ಮೆ ಹತ್ತಿದರೆ ಮೂರು ತೊಳೆತಕ್ಕೂ ಹೋಗದು.

ನಾನು ಕಂಬದಂತೆ ನಿಂತೆ.
ಶಾಲೆಯಂಗಳದ ಕುಂಟಾಬಿಲ್ಲೆಯಲ್ಲಿ
ನನ್ನನ್ನು ಸೋಲಿಸಿದವರಿಲ್ಲ.
ಹಂಚಿನ ಚೂರು, ಸುಣ್ಣದ ಗೆರೆ, ಆರು ಮನೆ,
ಇನ್ನೊಂದು ಕಾಲು ಎಲ್ಲಿಟ್ಟಿದ್ದೇನೆಂಬುದೇ
ಮರೆತುಹೋಗುವಷ್ಟು ಹೊತ್ತು.

ಅವನು ತೂಗಾಡುತ್ತ ಅಂದ:
ಕ್ಷಮಿಸು, ಈ ಬಲಮಂಡಿ.
ಪಾರ್ಕಿಂಗಿನಿಂದ ನನ್ನ ಕೋಣೆಗೆ
ಆರುನೂರಾ ನಲವತ್ತು ಹೆಜ್ಜೆ, ಎಣಿಸಿದ್ದೇನೆ.
ಸಾಮಾನು ಇಳಿಸುವಲ್ಲಿ ನಿಲ್ಲಿಸಿದರೆ ಐವತ್ತು.
ಅಲ್ಲಿ ಒಂದು— ಇದೆ, ಬೆನ್ನು ಬಿಡುವುದಿಲ್ಲ.
ಅವನಂದ ಶಬ್ದವನ್ನು ನಮ್ಮ ಕಡೆ
ಸುಮಾರಾಗಿ ಶನಿ ಅನ್ನಬಹುದು.

ಶನಿ ಅವನ ಕೈ ಬಿಡಲಿಲ್ಲ.
ಬಿಟ್ಟಿದ್ದರೆ ಬೀಳುತ್ತಿದ್ದ.
ಉಸಿರು ಬಿಡಿ, ಅಂದಳು ಕೆರಿನ್.
ಇಬ್ಬರೂ ಬಿಟ್ಟೆವು.
ಎರಡು ಕಾಲಿನ ಮೇಲೆ ಮೂರೂವರೆ ನಿಮಿಷ,
ಒಂದು ಅವನದು, ಒಂದು ನನ್ನದು.

ನೋವಿನವರಿಗೆ ಬಾಗಿಲ ಬಳಿಯೇ ಜಾಗವಿದೆ,
ನಮೂನೆ ಏಳು, ಡಾಕ್ಟರ ಸಹಿ ಸಾಕು
ಎಂದು ನಾಲಿಗೆ ತುದಿಗೆ ಬಂದಿತ್ತು.
ಹೇಳಿದ್ದರೆ ಶನಿ ಯಾರೆಂದು ತಿಳಿಯುತ್ತಿತ್ತು.
ಸುಮ್ಮನೆ ಚಾಪೆ ಸುತ್ತಿಟ್ಟೆ.

ಗುರುವಾರ. ಹಸಿರು ಸುಬಾರು. ಅದೇ ಜಾಗ.
ನಿಯಮ ನಿಯಮವೇ, ಬರೆದೆ ಏಳನೆಯದು.
ಕೈಯಂತ್ರ ಕೆಟ್ಟು ವಾರವಾಗಿತ್ತು, ಎಲ್ಲ ಪೆನ್ನಿನಲ್ಲೇ.
ನಮೂನೆ ಏಳನ್ನು ಮಡಿಸಿ ಚೀಟಿಯ ಒಳಗಿಟ್ಟೆ.
ಅಧಿಕಾರಿಯ ಷರಾ ಎಂಬ ಖಾಲಿ ಜಾಗದಲ್ಲಿ
ಈ ಊರಲ್ಲಿ ಯಾರೂ ಓದಲಾರದ ಅಕ್ಷರದಲ್ಲಿ
ನಿಧಾನ ಬರೆದೆ:
ಎಡಗಾಲು ಪರವಾಗಿಲ್ಲ.
ಬಲಕ್ಕೆ ಇನ್ನೂ ರೂಢಿ ಬೇಕು.

ಶುಕ್ರವಾರ ಆಫೀಸಿನಲ್ಲಿ ಕಾರ್ಬನ್ ಪ್ರತಿ ಹಿಡಿದು
ಮೇಲಿನವರು ಕೇಳಿದರು, ಇದೇನು ಶಾರನ್?
ಶಾಯಿ ಬರುತ್ತಾ ಅಂತ
ಗೀಚಿ ನೋಡಿದ್ದು, ಅಂದೆ.