ತೇಪೆ

ಜೂನ್ ಬಂತು. ಬೈತಖೋಲದಲ್ಲಿ ಬೋಟುಗಳೆಲ್ಲ
ಒಂದರ ಪಕ್ಕೆಗೊಂದು ಒರಗಿ
ಹಗ್ಗ ಬಿಗಿಸಿಕೊಂಡು ನಿಂತವು.
ಗಂಡ ಮನೆಗೆ ತಂದದ್ದು
ಹರಿದ ಬಲೆ, ಡೀಸೆಲ್ ವಾಸನೆಯ ಲುಂಗಿ,
ಮತ್ತೆ ಬೋಟಿನ ಅಡುಗೆ ಡಬ್ಬಿಯಲ್ಲಿ ಉಳಿದದ್ದು:
ಒಂದು ಕಿಲೋ ಮೈದಾ, ತೇವಕ್ಕೆ ಕಲ್ಲಾದ ಸಕ್ಕರೆ,
ಹಾಲಿನ ಪುಡಿ, ತಳದಲ್ಲಿ ಒಂದಿಷ್ಟು ಡಾಲ್ಡಾ.

ನನ್ನ ಬುಟ್ಟಿಯಲ್ಲೂ ಮೀನಿಲ್ಲ.
ಅಂಕೋಲೆಯಿಂದ ಕರಿ ಇಶಾಡು ತಂದು ಮಾರುತ್ತಿದ್ದೆ.
ಮಳೆ ಬಿದ್ದ ಮೇಲೆ ಇಶಾಡನ್ನು ಯಾರು ಕೇಳುತ್ತಾರೆ?
ಒತ್ತಿ ನೋಡಿ, ಮೂಸಿ ನೋಡಿ,
‘ಹುಳ ಇರ್ತದೆ’ ಅಂತ ಮುಂದೆ ಹೋಗುತ್ತಾರೆ.
ಬಂಗಡೆಗಾದರೆ ಬೈಯುತ್ತಿದ್ದೆ.
ಮಾವಿಗೆ ತಕ್ಕ ಬೈಗುಳ ನನಗಿನ್ನೂ ಕೂಡಿಬಂದಿಲ್ಲ.

ಆ ಸಂಜೆ ಹನ್ನೊಂದು ಹಣ್ಣು ಮನೆಗೇ ಹಿಂದೆ ಬಂದವು.
ಅಂವ ಒಂದನ್ನು ಎತ್ತಿ ಮೂಗಿಗೆ ಹಿಡಿದ.
‘ನೀ ಕೂತ್ಕ’ ಅಂದ.

ಮದುವೆಯಾಗಿ ಹದಿನಾಲ್ಕು ವರ್ಷ.
ಬೋಟಿನಲ್ಲಿ ಅವನೇ ಭಂಡಾರಿ,
ಎಂಟು ಜನರ ಅನ್ನ, ಎಂಟು ಜನರ ಸಾರು,
ಅಲೆಗೆ ವಾಲುವ ಒಲೆಯ ಮೇಲೆ.
ಮನೆಗೆ ಬಂದರೆ ಮಾತ್ರ ಒಂದು ಲೋಟ ನೀರಿಗೂ
‘ದೇವಕೀ’ ಅಂತ ಕೂಗುತ್ತಾನೆ.
ಅವನ ಕೈರುಚಿಯ ಹೊಗಳಿಕೆ ಧಕ್ಕೆಯಲ್ಲಿ ಕೇಳಿದ್ದೆ,
ಉಪ್ಪು ನೋಡಿರಲಿಲ್ಲ.

ಕೂತೆ.

ಕುಕ್ಕರಿನ ಸೀಟಿ ತೆಗೆದ, ರಬ್ಬರು ತೆಗೆದ.
ಕೊಡೆ ಹಿಡಿದು ಹೋಗಿ ದಂಡೆಯಿಂದ ಮರಳು ತಂದ,
ಬಾಣಲೆಯಲ್ಲಿ ಹುರಿದ, ರವೆ ಹುರಿದ ಹಾಗೆ.
ಚಿಪ್ಪಿನ ಚೂರುಗಳು ಚಟಪಟ ಅಂದವು.
‘ಇಷ್ಟು ವರ್ಷ ಮೀನಿನ ಜೊತೆ ತಿಂದ ಮರಳು ಸಾಲ್ಲಿಲ್ವ?’ ಅಂದೆ.
ನಗಲಿಲ್ಲ. ಅಡುಗೆ ಮಾಡುವಾಗ
ಅಂವ ನಗುವುದಿಲ್ಲ ಅಂತ ಗೊತ್ತಾದದ್ದೇ ಆವಾಗ.

ಸಿಪ್ಪೆ ಕೈಯಲ್ಲೇ ಸುಲಿದ, ಗೊರಟೆ ಹಿಂಡಿದ.
ಹುಳ ಇದ್ದದ್ದು ಎರಡರಲ್ಲಿ, ಅಷ್ಟೇ.
ಪಾತ್ರೆಯ ತಳಕ್ಕೆ ಹಣ್ಣು, ಜಜ್ಜಿದ ಸಕ್ಕರೆ, ಎರಡು ಏಲಕ್ಕಿ.
ಮೈದಾಕ್ಕೆ ಡಾಲ್ಡಾ ತಿಕ್ಕಿ, ಸೋಡಾ ಒಂದು ಚಿಟಿಕೆ,
ಹಾಲಿನ ಪುಡಿ ಕದಡಿದ ನೀರು.
ಲಟ್ಟಿಸಲಿಲ್ಲ, ತಟ್ಟಲಿಲ್ಲ;
ಬೆರಳಲ್ಲಿ ಎತ್ತಿ ಎತ್ತಿ ಹಣ್ಣಿನ ಮೇಲೆ ಇಟ್ಟ,
ಅಲ್ಲೊಂದು, ಇಲ್ಲೊಂದು, ಸಂದಿಯಲ್ಲಿ ಹಳದಿ ಕಾಣುವ ಹಾಗೆ.
ಬಲೆ ಹಿಡಿದು ಕೂತಾಗಲೂ ಹೀಗೇ
ಒಂದು ಕಣ್ಣು ಸಣ್ಣ ಮಾಡುತ್ತಾನೆ.

‘ಹೆಸರೆಂತದು ಇದಕ್ಕೆ?’
‘ಮಾಲ್ವಣದ ಬೋಟಿನವ ಎಂತದೋ ಹೇಳಿದ್ದ. ಇಂಗ್ಲೀಷು. ಮರ್ತೋಯ್ತು.’
‘ತೇಪೆ ಅನ್ನು’ ಅಂದೆ.

ಸೀಟಿ ಇಲ್ಲದ ಕುಕ್ಕರು ಎಂತದೂ ಹೇಳುವುದಿಲ್ಲ.
ಗಡಿಯಾರದ ಕಡೆ ನೋಡಿದರೆ ಬೇಡ ಅಂದ,
ಬಲೆ ಬಿಟ್ಟ ಮೇಲೆ ಎರಡು ಬೀಡಿ ಮುಗಿಯುವಷ್ಟು ಹೊತ್ತಂತೆ.
ಮೊದಲು ಹಸಿ ಹಿಟ್ಟಿನ ವಾಸನೆ.
ಆಮೇಲೆ ಏನೂ ಇಲ್ಲ.
ಸದಾಶಿವಗಡದ ಕಡೆ ಒಂದು ಗುಡುಗು.
ಆಮೇಲೆ ಇಡೀ ಓಣಿಗೇ ಗೊತ್ತಾಯಿತು.

ಅಂಚು ಕೆಂಪು, ನಡು ಬಿಳಚು,
ಬಿರುಕಿನಲ್ಲೆಲ್ಲ ಇಶಾಡು ಇನ್ನೂ ಗುಳುಗುಳು.
ಊದಿ ಊದಿ ಬಾಯಿಗಿಟ್ಟೆ. ನಾಲಿಗೆ ಸುಟ್ಟಿತು.
ಅಂವ ನನ್ನ ಮುಖವನ್ನೇ ನೋಡುತ್ತಿದ್ದ,
ಹರಾಜಿನಲ್ಲಿ ದರ ಕಾಯುವವನ ಹಾಗೆ.
‘ಉಪ್ಪು ಒಂದು ಚೂರು ಹಾಕ್ಬೇಕಿತ್ತು’ ಅಂದೆ.
‘ಹೌದು’ ಅಂದ. ಅಷ್ಟು ಸುಲಭಕ್ಕೆ
ಅಂವ ಹೌದು ಅಂದದ್ದು ನಾನು ಕಂಡಿಲ್ಲ.

ಇಬ್ಬರೂ ಉಂಡೆವು. ಇನ್ನೊಮ್ಮೆ ಬಡಿಸಿಕೊಂಡೆವು.
ಪಾತ್ರೆಯಲ್ಲಿ ಮುಕ್ಕಾಲು ಹಾಗೇ ಇತ್ತು.
‘ಯಾರಿಗೆ ಇಷ್ಟೆಲ್ಲ?’ ಕೇಳಿದೆ.
ಅಂವ ಪಾತ್ರೆ ನೋಡಿದ, ನನ್ನನ್ನು ನೋಡಿದ.
‘ಇಬ್ರಿಗೆ ಎಷ್ಟು ಅಂತ
ನಂಗೆ ಅಳತೆ ಗೊತ್ತಿಲ್ಲ.’

ಬಟ್ಟಲುಗಳಲ್ಲಿ ಹಾಕಿ ಮುಚ್ಚಿ
ರುಕ್ಮಾಳ ಮಕ್ಕಳಿಗೆ, ಎದುರು ಮನೆಯ ಇನಾಸನಿಗೆ,
ಮಳೆಯಲ್ಲೇ ಓಡಿ ಕೊಟ್ಟು ಬಂದೆ.
ಬರುವಷ್ಟರಲ್ಲಿ ಅಂವ ಪಾತ್ರೆ ತಿಕ್ಕಿಟ್ಟಿದ್ದ.
ಮರಳನ್ನು ಜಗಲಿಯ ಮೂಲೆಗೆ ಸುರುವಿದ್ದ.

ಬೆಳಗ್ಗೆ ನೋಡಿದರೆ
ಓಣಿಯ ಬೆಕ್ಕು, ಮೀನಿಲ್ಲದೆ ಸೊರಗಿದ್ದು,
ಆ ಮರಳಿನ ಮೇಲೆ ಮುದ್ದೆಯಾಗಿ ಮಲಗಿತ್ತು.
ಅದರ ಹೊಟ್ಟೆಯಡಿ ಕೈ ತೂರಿಸಿದೆ.
ಇನ್ನೂ ಬೆಚ್ಚಗಿತ್ತು, ಮರಳೋ ಬೆಕ್ಕೋ.