ಬಿಡುವ ಮುನ್ನ ಒಂದು ಸುತ್ತು

ಹಗ್ಗ ಬಿಚ್ಚಬೇಡ ಇನ್ನೂ, ನಿಸಾರ್.
ಮೊದಲು ನಾವು ಮೇಯಬೇಕು, ಕಣ್ಣಲ್ಲಿ.
ರೈಲು ಹಳಿಯ ಬದಿಯಿಂದ ಶುರುಮಾಡು,
ಊರೂರ ಕಸ ಬೀಜವಾಗಿ
ಅರಸೀಕೆರೆಯಲ್ಲಿ ಇಳಿಯುವುದು ಅಲ್ಲೇ.

ಗರಿಕೆಯನ್ನು ಬಿಡು. ಗಣಪತಿಗೂ ಸರಿ, ಕುದುರೆಗೂ ಸರಿ.
ತುಂಬೆ ಇದ್ದರೆ ಇರಲಿ, ಮೂಸಿ ಮೂತಿ ತಿರುಗಿಸುತ್ತಾಳೆ.
ನೆಗ್ಗಿಲು ವಿಷವಲ್ಲ, ಆದರೂ ಕೀಳು.
ನಾಲಿಗೆಗೆ ಮುಳ್ಳು ಚುಚ್ಚಿದ ದಿನ
ಅವಳು ಮುನಿಯುವುದು ನನ್ನ ಮೇಲೆ, ನೆಗ್ಗಿಲ ಮೇಲಲ್ಲ.

ಬೇಲಿಯ ಲಂಟಾನ, ತಿಪ್ಪೆ ಪಕ್ಕದ ಹರಳು,
ಯಾರೋ ಚೆಂದಕ್ಕೆಂದು ನೆಟ್ಟ ಕಣಗಿಲೆ,
ಇವುಗಳ ಸುದ್ದಿ ಎಲ್ಲರಿಗೂ ಗೊತ್ತು.
ಹೆಸರುವಾಸಿ ಕಳ್ಳರಿಗೆ ಊರೇ ಕಾವಲು.

ಇದನ್ನು ನೋಡು.
ಹಳದಿ ಹೂ, ಅವರೆ ಜಾತಿಯದು, ಮೊಣಕಾಲುದ್ದ.
ಒಣಗಿದ ಕಾಯಿ ಅಲ್ಲಾಡಿಸು. ಕೇಳಿತೆ?
ನಾವು ಗೆಜ್ಜೆಕಾಯಿ ಅನ್ನುತ್ತಿದ್ದೆವು,
ಕಾಲಿಗೆ ಕಟ್ಟಿಕೊಂಡು ಕುಣಿಯುತ್ತಿದ್ದೆವು.
ಹಸಿಯಿದ್ದಾಗ ಬಲು ಕಹಿ, ಹಸಿದ ಕುದುರೆಯೂ ಉಗುಳೀತು.
ಒಣಗಿದರೆ ಕಹಿ ಹೋಗುತ್ತದೆ.
ಹೋಗುವುದು ಕಹಿ ಮಾತ್ರ.

ಸ್ಟೇಷನ್ನಿನ ಮುಂದೆ ಆರು ಜಟಕಾ ನಿಲ್ಲುತ್ತಿದ್ದ ಕಾಲ.
ನಮ್ಮದು ಬಿಜಲಿ, ಹಣೆಯಲ್ಲಿ ಬಿಳಿ ಬೊಟ್ಟು.
ಬಾಣಾವರದ ಕಡೆಯ ಒಣಹುಲ್ಲು
ಹೊರೆಗೆ ಎಂಟಾಣೆ ಕಡಿಮೆಗೆ ಸಿಕ್ಕಿತೆಂದು ಬೀಗಿದ್ದೆ.
ತಲೆಯಿಂದ ಇಳಿಸುವಾಗ ಒಳಗೆ ಏನೋ
ಗಿಲಿಗಿಲಿ ಅಂದಿತು.
ನನಗೆ ಕೇಳಿಸಿತ್ತು.

ಸಂಕ್ರಾಂತಿಗೆ ಬಂದ ಹುಲ್ಲು ಅದು.
ಯುಗಾದಿ ದಾಟಿದ ಮೇಲೆ ಬಿಜಲಿ ಬಾಯಿ ಕಟ್ಟಿದಳು.
ಗಾಡಿ ಹೂಡದೆಯೇ ಲಾಯದೊಳಗೆ
ಸುತ್ತಿದಳು, ಸುತ್ತಿದಳು,
ಕೊನೆಗೆ ಗೋಡೆಗೆ ಹಣೆಯೊತ್ತಿ ನಿಂತುಬಿಟ್ಟಳು
ಗೋಡೆಯೇ ಗಾಡಿ, ತಳ್ಳಿದರೆ ಹೊರಟೀತು ಎಂಬಂತೆ.

ಗಾಳಿ ಸೋಕಿದೆ ಅಂದರು ಕೇರಿಯವರು.
ಅಬ್ಬಾ ತಾಯಿತ ತಂದು ಕಟ್ಟಿದರು, ಹಿಡಿದುಕೊಂಡವನು ನಾನು.
ಹಾಸನದ ಡಾಕ್ಟರು ಕಣ್ಣಿನ ಹಳದಿ ನೋಡಿ
ಲಿವರ್ ಹೋಗಿದೆ ಅಂದರು.
ಯಾವ ಹುಲ್ಲು ಹಾಕಿದಿರಿ, ತೋರಿಸಿ.
ಹುಲ್ಲು ಮುಗಿದಿದೆ ಅಂದೆ.
ಮುಗಿದಿತ್ತು, ಅದು ಸುಳ್ಳಲ್ಲ.
ಅಬ್ಬಾನಿಗೆ ಮಣ್ಣು ಕೊಟ್ಟ ದಿನವೂ
ಆ ಎಂಟಾಣೆಯ ಲೆಕ್ಕ ನಾನು ಒಪ್ಪಿಸಲಿಲ್ಲ.

ಎಳಿ, ಬೇರು ಸಮೇತ. ನೆಲ ಒದ್ದೆಯಿದೆ, ಬರುತ್ತದೆ.
ಕಿತ್ತದ್ದನ್ನು ಇಲ್ಲೇ ಎಸೆಯಬೇಡ, ಒಣಗುತ್ತದೆ.
ಚೀಲಕ್ಕೆ ಹಾಕು.
ಆಚೆ ಮೂಲೆಯಲ್ಲೂ ಒಂದು ಹಳದಿ ಕಾಣುತ್ತಿದೆ,
ನನ್ನ ಕಣ್ಣು ಈಗ ಅಷ್ಟು ದೂರ ಹೋಗುವುದಿಲ್ಲ,
ಹೋಗಿ ನೋಡು. ಹುಚ್ಚೆಳ್ಳಾದರೆ ಬಿಡು.

ಬಂದೆಯಾ?
ಚೀಲ ಒಮ್ಮೆ ಕೊಡವು, ನನ್ನ ಕಿವಿಯ ಹತ್ತಿರ.

ಸರಿ.
ಈಗ ಬಿಚ್ಚು.