ನಲವತ್ತೊಂದು ಡಿಗ್ರಿ

ಪುಂತಾ ಅರೆನಾಸ್, ಆಸ್ಪತ್ರೆಯ ನೆಲಮಾಳಿಗೆ.
ಮೇಲೆ ಜಲಸಂಧಿಯ ಗಾಳಿ
ಕಸದ ಡಬ್ಬಿಗಳನ್ನು ಅಟ್ಟಿಸಿಕೊಂಡು ಹೋಗುತ್ತಿದೆ.

ಪರದೆಯಲ್ಲಿ ಏಳನೇ ಹೋಸ್ಟ್ ಹಸಿರು:
ನಲವತ್ತೊಂದು ಡಿಗ್ರಿ. ಬೆಳಿಗ್ಗೆಯೂ ನಲವತ್ತೊಂದು. ಮೊನ್ನೆಯೂ.
ಇಷ್ಟು ನಿಶ್ಚಲ ನಾಡಿ
ಗೋಡೆಗೆ ಮಾತ್ರ ಇದ್ದೀತು, ಅಂದುಕೊಂಡಳು ಯಾಸ್ನಾ.

ಏಜೆಂಟನ್ನು ಎಬ್ಬಿಸಿದಳು. ಏಳಲಿಲ್ಲ.
ಇನ್ನೊಮ್ಮೆ. ಎದ್ದಂತೆ ಮಾಡಿ ಬಿತ್ತು.
ರೀಬೂಟ್ ಮಾಡೋಣವೆಂದರೆ ಒಳಗೆ ಇಪ್ಪತ್ತಾರು ಮಂದಿ:
ರಕ್ತನಿಧಿಯ ಲೆಕ್ಕ, ಎಕ್ಸ್‌ರೇ, ಹೆರಿಗೆ ವಾರ್ಡಿನ ಪಟ್ಟಿ,
ತಾವೇ ಒಂದೊಂದು ಯಂತ್ರವೆಂದು ನಂಬಿ ದುಡಿಯುವವರು,
ಎಲ್ಲರ ಕಾಲಡಿ ಒಂದೇ ಕಬ್ಬಿಣವೆಂದು ಅರಿಯದವರು.

ಲಾಗ್ ತೆರೆದಳು.
ನಾಲ್ಕನೇ ಫ್ಯಾನ್ ನಿಂತಿದೆ. ನಾಲ್ಕನೇ ಫ್ಯಾನ್ ನಿಂತಿದೆ.
ಒಂಬತ್ತು ಲಕ್ಷ ಸಲ
ಕೂಗಿ ಕೂಗಿ, ತನ್ನ ಕೂಗಿನಿಂದಲೇ ಡಿಸ್ಕ್ ತುಂಬಿ
ಗಂಟಲು ಕಟ್ಟಿ ಸತ್ತಿದೆ ಬಡಪಾಯಿ.
ಎಚ್ಚರಿಕೆಯ ಮೇಲ್‌ಗಳೆಲ್ಲ ಹೋಗಿದ್ದು
ಮಾರ್ಚಿನಲ್ಲಿ ನಿವೃತ್ತನಾದ ಬಾರಿಯಾನ ವಿಳಾಸಕ್ಕೆ.

ಅಂಗೈ ಒತ್ತಿದಳು ತಗಡಿಗೆ.
ಸುಟ್ಟಿತು.

ರಾತ್ರಿ ಎರಡಕ್ಕೆ ಫೋನ್.
'ನಾಲ್ಕನೆಯದಾ?' ಅಂದ ಬಾರಿಯಾ, ನಿದ್ದೆಗಣ್ಣಲ್ಲೇ.
'ಹೊಸದೊಂದು ಬೀರುವಿನಲ್ಲಿದೆ, ಕಾಫಿ ಡಬ್ಬಿಯ ಹಿಂದೆ.
ಹೊರಡೋ ಮೊದಲೇ ತರಿಸಿಟ್ಟಿದ್ದೆ.
ಅದರ ಸದ್ದು ನನಗೆ ಸರಿ ಕಾಣುತ್ತಿರಲಿಲ್ಲ.'